ಅಳಿಯಂದಿರಿಗೆ ದೊರೆತ ಗದ್ದುಗೆ

ನಮ್ಮ ಮಣಿಕೊಂಡಕ್ಕೆ ಸಮೀಪದ ಗೋಲ್ಕೊಂಡವನ್ನು ಆಳುತ್ತಿದ್ದ ಅಬ್ದುಲ್ಲಾ ಕುತುಬ್ ಶಾಹನು 1672ರಲ್ಲಿ ಗಂಡುಸಂತಾನವಿಲ್ಲದೆ ಮೃತನಾದನು. ಒಬ್ಬ ಅಳಿಯನು ಔರಂಗಜೇಬನ ಮಗ. ಅವನಾದರೋ ತಂದೆಯ ಸೆರೆಯಲ್ಲಿದ್ದನು. ಉಳಿದಿಬ್ಬರ ಸ್ಪರ್ಧೆಯಲ್ಲಿ ಕಿರಿಯ ಅಳಿಯ ಅಬುಲ್ ಹಸನನು ಸರದಾರರ ಬೆಂಬಲದಿಂದ ಗದ್ದುಗೆಯೇರಿದನು. ಅವನು ಶಿಯಾ ಮತದವನು. ಮಂತ್ರಿ ಮಾದಣ್ಣನು ಬ್ರಾಹ್ಮಣನು. ಸುನ್ನಿಯಾದ ಔರಂಗಜೇಬನು ಇದನ್ನೇ ಅಪರಾಧವೆಂದೆಣಿಸಿದನು. ವಜ್ರದ ಗಣಿಗಳೇನೂ ಅವನ ಕಣ್ಣಿಗೆ ಬೀಳದಿರಲಿಲ್ಲ! 1687ರಲ್ಲಿ, ಎಂಟು ತಿಂಗಳ ಮುತ್ತಿಗೆಯ ತರುವಾಯ, ಕೋಟೆಯು ದ್ರೋಹದಿಂದ ಬಿದ್ದಿತು.

ಮರುವರ್ಷ ಇಂಗ್ಲೆಂಡಿನಲ್ಲಿಯೂ ಮತ, ವಂಶಗಳೆರಡೂ ಹೆಣೆದುಕೊಂಡುವು. ದೊರೆ ಎರಡನೆಯ ಜೇಮ್ಸನು ಕ್ಯಾಥೊಲಿಕನು. ಅವನಿಗೆ ಮಗ ಹುಟ್ಟಲು, ಇನ್ನು ಕ್ಯಾಥೊಲಿಕ್ ಪರಂಪರೆಯೇ ಮುಂದುವರಿಯುವುದೆಂದು ಬೆದರಿದ ಪ್ರಮುಖರು ಪ್ರಾಟೆಸ್ಟೆಂಟನಾದ ಅಳಿಯ ವಿಲಿಯಮನನ್ನು ಕರೆಸಿದರು. ಮಾವನು ಬದುಕಿರುವಾಗಲೇ, 1689ರಲ್ಲಿ, ಅಳಿಯನೂ ಮಗಳು ಮೇರಿಯೂ ಪಟ್ಟವೇರಿದರು. ಜೇಮ್ಸನ ಪಕ್ಷದವರಾದ ಜಾಕೊಬೈಟರು 1746ರ ಕಲೊಡನ್ ಯುದ್ಧದವರೆಗೂ ಅವನ ವಂಶಕ್ಕಾಗಿ ಕಾದಿದರು. ಅಬುಲ್ ಹಸನನೋ ದೌಲತಾಬಾದಿನ ಸೆರೆಯಲ್ಲಿಯೇ ಕಣ್ಮುಚ್ಚಿದನು.