ಅಜ್ಜಿಯೂ ಸೊಸೆಯೂ ಒಂದೇ ಎತ್ತರ: ಮನೆಮಂದಿಯ ಬೊಂಬೆ ಧಾರಾವಾಹಿ ಕಟ್ಟುವ ಬಗೆ

ಮನೆಯಲ್ಲಿ ಬಾಯಿಬಿಟ್ಟು ಹೇಳಲಾಗದ ಮಾತನ್ನು ಬೊಂಬೆ ಹೇಳಿದರೆ ಜನ ಕೂತು ಕೇಳುತ್ತಾರೆ. ತೊಗಲು ಬೊಂಬೆಯಾಟದಲ್ಲಿ ಪುರಾಣದ ಕಥೆಯ ನಡುವೆಯೇ ಕಿಳ್ಳೇಕ್ಯಾತ, ಬಂಗಾರಕ್ಕ ಎಂಬ ಹಾಸ್ಯ ಪಾತ್ರಗಳು ನುಗ್ಗಿ ಊರ ಸುದ್ದಿ ತೆಗೆಯುತ್ತವೆ. ಬಳ್ಳಾರಿಯ ಕಲಾವಿದ ಬೆಳಗಲ್ಲು ವೀರಣ್ಣನವರು ಅದೇ ತೊಗಲು ಬೊಂಬೆಗಳಲ್ಲಿ ಗಾಂಧೀಜಿಯ ಬದುಕನ್ನು ಆಡಿಸಿದರು. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಯಾವ ಮನೆಯವರಾದರೂ ಈ ದಾರಿ ಹಿಡಿಯಬಹುದು.

ಹಂತ 1: ವಿಷಯ ಒಂದೇ ಇರಲಿ

2023ರ ಫೆಬ್ರುವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮದುವೆಯಾಗದ ಯುವಕರು ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಅದೇ ವರ್ಷದ ಕೊನೆಗೆ, ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಭ್ರೂಣದ ಲಿಂಗ ಪತ್ತೆ ನಡೆಯುತ್ತಿದ್ದುದು ಬಯಲಾಯಿತು. ರೈತನಿಗೆ ಹೆಣ್ಣು ಸಿಗದಿರಲು ಹೆಣ್ಣು ಭ್ರೂಣವನ್ನು ಕೊಲ್ಲುವುದಲ್ಲದೆ ಬೇರೆ ಕಾರಣಗಳೂ ಉಂಟು. ಆದರೂ ಈ ಎರಡು ಸುದ್ದಿಗಳನ್ನು ಒಂದೇ ಪಡಸಾಲೆಗೆ ತಂದು ನಿಲ್ಲಿಸುವುದು ಬೊಂಬೆಗೆ ಸಾಧ್ಯ. ಮೊದಲ ಕಂತಿಗೆ ನಾನಂತೂ ಇದನ್ನೇ ಆರಿಸುತ್ತೇನೆ. ಸಾಲ, ಮೊಬೈಲ್ ಜೂಜು, ಕುಡಿತ ಮುಂದಿನ ಕಂತುಗಳಿಗೆ ಇರಲಿ.

ಹಂತ 2: ಸಂಸಾರ ಕಟ್ಟಿ

ಅಜ್ಜಿ, ಮಗ, ಸೊಸೆ, ಕಬ್ಬು ಬೆಳೆಯುವ ಮೊಮ್ಮಗ ಮಾದೇಶ, ಕಾಲೇಜಿಗೆ ಹೋಗುವ ಮೊಮ್ಮಗಳು. ಪಕ್ಕದ ಮನೆಗೆ ಕಿಳ್ಳೇಕ್ಯಾತ, ಬಂಗಾರಕ್ಕ. ಪರದೆಯ ಹಿಂದೆ ಇಬ್ಬರಿದ್ದರೆ ಕೈ ನಾಲ್ಕೇ. ಒಂದು ದೃಶ್ಯಕ್ಕೆ ನಾಲ್ಕಕ್ಕಿಂತ ಹೆಚ್ಚು ಬೊಂಬೆ ಬೇಡ.

ಹಂತ 3: ಬೊಂಬೆ ಮಾಡಿ

ತೊಗಲು ಹದ ಮಾಡುವುದು ಕಲಿತವರ ಕೆಲಸ. ಹೊಸಬರಿಗೆ ಕೈಬೊಂಬೆಯೇ ಸರಿ. ಹಳೆಯ ಪೇಪರನ್ನು ರಾತ್ರಿಯೆಲ್ಲ ನೆನೆಸಿ, ಹಿಂಡಿ, ನೆನೆದ ಮೆಂತ್ಯದ ಜೊತೆ ರುಬ್ಬಿ, ಮೈದಾ ಅಂಟು ಬೆರೆಸಿ. ತೋರುಬೆರಳು ಹಿಡಿಸುವಂಥ ರಟ್ಟಿನ ಕೊಳವೆಯ ಮೇಲೆ ತಲೆಯ ಆಕಾರ ಕೂರಿಸಿ, ಪೂರ್ತಿ ಒಣಗಿದ ಮೇಲೆ ಬಣ್ಣ ಹಚ್ಚಿ. ಟೈಲರ್ ಅಂಗಡಿಯ ತುಂಡು ಬಟ್ಟೆಯಲ್ಲಿ ಅಂಗಿ ಹೊಲಿಯಿರಿ. ತೋರುಬೆರಳು ತಲೆಗೆ, ಹೆಬ್ಬೆರಳು ಮತ್ತು ನಡುಬೆರಳು ಕೈಗಳಿಗೆ.

ಒಂದು ಸಂಗತಿಯನ್ನು ಮರೆಯಬೇಡಿ. ತೊಗಲು ಬೊಂಬೆಯಲ್ಲಿ ರಾಜರು, ದೇವರು ದೊಡ್ಡ ಗಾತ್ರ. ಆಳುಗಳು, ಸಾಮಾನ್ಯರು ಚಿಕ್ಕ ಗಾತ್ರ. ನಿಮ್ಮ ಬೊಂಬೆ ಮನೆಯಲ್ಲಿ ಅಜ್ಜಿ, ಸೊಸೆ, ಮೊಮ್ಮಗಳು ಎಲ್ಲರೂ ಒಂದೇ ಎತ್ತರಕ್ಕಿರಲಿ. ಮಾತು ಶುರುವಾಗುವ ಮೊದಲೇ ನೋಡುವವರ ಕಣ್ಣಿಗೆ ಆ ಸಮಾನತೆ ಬೀಳುತ್ತದೆ. ರಾಮನಗರದ ಜಾನಪದ ಲೋಕಕ್ಕೆ ಒಮ್ಮೆ ಹೋಗಿ ಹಳೆಯ ತೊಗಲು ಬೊಂಬೆಗಳನ್ನು ನೋಡಿ ಬಂದರೆ ಮುಖ ಬಿಡಿಸುವುದಕ್ಕೂ ಕಣ್ಣು ಪಳಗುತ್ತದೆ.

ಹಂತ 4: ನಗು ಮೊದಲು

ಉಪದೇಶದಿಂದ ಆರಂಭಿಸಿದರೆ ಜನ ಎದ್ದು ಹೋಗುತ್ತಾರೆ. ಹೆಣ್ಣಿನ ಕಡೆಯವರು ಬರುವ ದಿನ ಮಾದೇಶ ಕುಡುಗೋಲು ಬಚ್ಚಿಟ್ಟು, ಗೆಳೆಯನ ಕಂಪನಿ ಟ್ಯಾಗ್ ಕುತ್ತಿಗೆಗೆ ಹಾಕಿಕೊಳ್ಳಲಿ. ಟ್ಯಾಗಿನಲ್ಲಿ ಗೆಳೆಯನ ಫೋಟೊ ಇರಲಿ. ಆ ನಗುವಿನ ಬೆನ್ನಿಗೇ ಮುಖ್ಯ ಮಾತು ಬರಬೇಕು:

ಅಜ್ಜಿ: "ನನ್ ಮೊಮ್ಮಗುಂಗೆ ಒಂದ್ ಎಣ್ಣೂ ಸಿಗ್ತಿಲ್ವಲ್ಲಪ್ಪ!"

ಕಿಳ್ಳೇಕ್ಯಾತ: "ಉಟ್ಟಕ್ಕೇ ಬುಡ್ನಿಲ್ವಲ್ಲ ಅಜ್ಜಿ, ಸಿಗೋದೆಂಗೆ?"

ಇಲ್ಲಿ ಆತುರಪಡಬೇಡಿ. ಸೊಸೆಯ ಬೊಂಬೆ ನಿಧಾನವಾಗಿ ಅಜ್ಜಿಯ ಕಡೆ ತಿರುಗಲಿ, ಒಂದೂ ಮಾತಿಲ್ಲದೆ. ಅವಳಿಗೆ ಹಿಂದೊಮ್ಮೆ ಏನಾಗಿತ್ತೆಂದು ಹೇಳಬೇಕಾಗಿಯೇ ಇಲ್ಲ.

ಹಂತ 5: ಅಭ್ಯಾಸ

ಮಾತಾಡುವ ಬೊಂಬೆ ಮಾತ್ರ ಅಲುಗಬೇಕು; ಉಳಿದವು ಅದರ ಕಡೆ ಮುಖಮಾಡಿ ಸುಮ್ಮನಿರಬೇಕು. ಅವೂ ಕುಣಿದರೆ ಯಾರು ಮಾತಾಡಿದರೆಂದು ತಿಳಿಯುವುದಿಲ್ಲ. ಎರಡು ಕಂಬಕ್ಕೆ ಹಗ್ಗ ಬಿಗಿದು ದಪ್ಪ ಸೀರೆ ಇಳಿಬಿಟ್ಟರೆ ರಂಗ ಸಿದ್ಧ. ಚಿತ್ರೀಕರಿಸುವುದಾದರೆ ಮೊಬೈಲನ್ನು ಬೊಂಬೆಯ ಕಣ್ಣಿನ ಮಟ್ಟಕ್ಕೆ ಅಡ್ಡಲಾಗಿ ಇಡಿ. ಒಂದು ಕಂತು ಹತ್ತು ನಿಮಿಷ ಮೀರದಿರಲಿ.

ಹಂತ 6: ತೋರಿಸಿ, ಕೇಳಿಸಿಕೊಳ್ಳಿ

ಸ್ತ್ರೀಶಕ್ತಿ ಸಂಘದ ಸಭೆ, ಶಾಲೆಯ ಅಂಗಳ, ಅರಳಿಕಟ್ಟೆ ಎಲ್ಲಾದರೂ ಸರಿ. ಆಟ ಮುಗಿದ ಕೂಡಲೇ ಬೊಂಬೆಯನ್ನು ಕೈಯಿಂದ ತೆಗೆಯಬೇಡಿ. "ಅಜ್ಜಿಗೇನಾದ್ರೂ ಕೇಳ್ತೀರಾ?" ಎನ್ನಿ. ಮನುಷ್ಯರ ಮುಂದೆ ಎತ್ತಲಾಗದ ಪ್ರಶ್ನೆಯನ್ನು ಹೆಂಗಸರು ಬೊಂಬೆಗೆ ಕೇಳಬಹುದು. ಅಜ್ಜಿಯ ದನಿಯಲ್ಲೇ ಉತ್ತರಿಸಿ. ಯಾರಾದರೂ ಕಷ್ಟ ಹೇಳಿಕೊಂಡರೆ ಎಲ್ಲರೆದುರು ಕೆದಕದೆ ಆಮೇಲೆ ಪಕ್ಕಕ್ಕೆ ಕರೆದು ಮಾತಾಡಿಸಿ. ಮಹಿಳಾ ಸಹಾಯವಾಣಿ 181, ಮಕ್ಕಳ ಸಹಾಯವಾಣಿ 1098 ಎಂದು ಪರದೆಯ ಸೀರೆಗೆ ದೊಡ್ಡ ಅಕ್ಷರದಲ್ಲಿ ಬರೆದ ಹಾಳೆ ಅಂಟಿಸಿರಿ.