ಮಗುವನ್ನು ಕಳೆದುಕೊಂಡವರೊಡನೆ ಅಂಗಾಂಗ ದಾನದ ಮಾತು

ದುದ್ದ ಭಾಗದ ಆಶಾ ಕಾರ್ಯಕರ್ತೆಯರು ಹಾಗೂ ಪಂಚಾಯಿತಿ ಸದಸ್ಯರು ಮೊದಲು ತಿಳಿಯಬೇಕಾದುದು: ಮಿದುಳುಕಾಂಡ ಸಂಪೂರ್ಣ ನಿಷ್ಕ್ರಿಯಗೊಂಡ ಮೇಲೂ ವೆಂಟಿಲೇಟರ್‌ನಿಂದ ಮಗುವಿನ ಎದೆ ಏರಿಳಿಯುತ್ತದೆ, ಮೈ ಬೆಚ್ಚಗಿರುತ್ತದೆ. ಹೆತ್ತವರು ಸಾವನ್ನು ನಂಬಲಾರದಿರುವುದು ಸಹಜ. ಆದುದರಿಂದ ಸಾವಿನ ಸುದ್ದಿಯನ್ನೂ ದಾನದ ಕೋರಿಕೆಯನ್ನೂ ಒಂದೇ ಉಸಿರಿನಲ್ಲಿ ಹೇಳತಕ್ಕದ್ದಲ್ಲ.

ನಾಲ್ವರು ವೈದ್ಯರ ಮಂಡಳಿಯು ಕನಿಷ್ಠ 6 ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ಮರಣವನ್ನು ದೃಢೀಕರಿಸುತ್ತದೆ. ಅದು ಹೆತ್ತವರ ಮನಸ್ಸಿಗೆ ಇಳಿದ ಬಳಿಕವೇ ಆಸ್ಪತ್ರೆಯ ಕಸಿ ಸಂಯೋಜಕರು ದಾನದ ವಿಷಯ ಎತ್ತಬೇಕು. 1994ರ ಮಾನವ ಅಂಗಾಂಗ ಕಸಿ ಕಾಯ್ದೆಯಂತೆ, 18 ವರ್ಷದೊಳಗಿನವರ ವಿಷಯದಲ್ಲಿ ತಂದೆ ಅಥವಾ ತಾಯಿ ಸಹಿ ಮಾಡಬಹುದು. ಒಬ್ಬರ ಸಹಿ ಸಾಕಾದರೂ ಇಬ್ಬರ ಮನಸ್ಸನ್ನೂ ಕೇಳುವುದು ಧರ್ಮ.

ನಮ್ಮ ಕೆಲಸ ಒತ್ತಾಯಿಸುವುದಲ್ಲ. ಜೊತೆಗಿದ್ದು, ಕೇಳಿದ್ದಕ್ಕೆ ನಿಜ ಹೇಳುವುದು. ‘ಬೇಡ’ ಎಂದರೆ ಅದೇ ಕೊನೆಯ ಮಾತು. ಆ ಮನೆಯವರನ್ನು ಊರಿನವರು ದೂಷಿಸದಂತೆ ನೋಡಿಕೊಳ್ಳುವುದೂ ನಮ್ಮ ಹೊಣೆ.