ಗಿರಾಕಿಯ ವಿಳಾಸ ಯಾರ ಹತ್ತಿರ?

ನಾವು ಎಂಟು ಮಂದಿ ಒಣಭೂಮಿ ರೈತರು ಸೇರಿಕೊಂಡು ನವಣೆ ಅಕ್ಕಿ, ಸಾಮೆ ಅಕ್ಕಿ, ಗಾಣದ ಶೇಂಗಾ ಎಣ್ಣೆ ಇವನ್ನು ಆನ್‌ಲೈನಿನಲ್ಲಿ ಮಾರಲು ಹೊರಟು ನಾಲ್ಕು ವರ್ಷ ಆಯ್ತು. ಮೊದಲ ಎರಡು ವರ್ಷ ಒಂದು ದೊಡ್ಡ ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾರಿದೆವು. ಮಾಲು ಹೋಯ್ತು, ದುಡ್ಡು ಬಂತು, ತಕರಾರಿರಲಿಲ್ಲ. ಎರಡನೇ ವರ್ಷ ನವಣೆ ಚೆನ್ನಾಗಿ ಬಂದಾಗ, ಹಿಂದೆ ತಗೊಂಡವರಿಗೆಲ್ಲ ಹೊಸ ಬೆಳೆ ಬಂದಿದೆ ಅಂತ ಒಂದು ಮಾತು ತಿಳಿಸೋಣ ಅಂದುಕೊಂಡೆವು. ತಿಳಿಸೋದು ಯಾರಿಗೆ? ಆರ್ಡರ್ ನಂಬರು ಇತ್ತು, ಕೆ.ಜಿ. ಲೆಕ್ಕ ಇತ್ತು. ಗಿರಾಕಿಯ ಫೋನ್ ನಂಬರಿರಲಿಲ್ಲ. ಎರಡು ವರ್ಷ ನಮ್ಮ ನವಣೆ ಉಂಡವರು ಯಾರೆಂದು ನಮಗೇ ಗೊತ್ತಿಲ್ಲ!

ಎ.ಪಿ.ಎಂ.ಸಿ. ಯಾರ್ಡಿನಲ್ಲಿ ದಲಾಲರ ಅಂಗಡಿಗೆ ಶೇಂಗಾ ಹಾಕಿದರೂ ನಮ್ಮ ಕೈಗೆ ಬರುವುದು ಪಟ್ಟಿ ಮಾತ್ರ. ಕೊಂಡ ಮಿಲ್ಲಿನವರು ಯಾರು, ಅವರಿಗೆ ಎಷ್ಟು ಅವಸರ ಇತ್ತು, ಇದೆಲ್ಲ ದಲಾಲರಿಗೆ ಗೊತ್ತು. ಆನ್‌ಲೈನಿನಲ್ಲೂ ಹಾಗೇ. ಆದರೆ ದಲಾಲ ತಲೆಯಲ್ಲಿ ಇಟ್ಟುಕೊಳ್ಳುವುದು ನೂರಿನ್ನೂರು ಜನರ ಸಂಗತಿ. ಇಲ್ಲಿ ಕೋಟಿಗಟ್ಟಲೆ ಜನರದ್ದು, ಅದನ್ನು ಓದುವುದು ಯಂತ್ರ. ಆದ್ದರಿಂದ ಆನ್‌ಲೈನಿಗೆ ಇಳಿಯುವ ರೈತರು ಕಮಿಷನ್ ಎಷ್ಟು ಅಂತ ಕೇಳುವ ಮೊದಲು ಗಿರಾಕಿಯ ಮಾಹಿತಿ ಯಾರ ಹತ್ತಿರ ಉಳಿಯುತ್ತೆ ಅಂತ ಕೇಳಬೇಕು. ನಾವು ಕೇಳಿರಲಿಲ್ಲ.

ಮುಚ್ಚಿಡುವ ನಿಯಮ

ಗಿರಾಕಿಯ ನಂಬರು ಮುಚ್ಚಿಡುವುದು ಪೂರಾ ತಪ್ಪು ಅನ್ನಲಾರೆ. ಅಮೆಜಾನಿನ ನಿಯಮವನ್ನೇ ನೋಡಿ. ಗಿರಾಕಿಯ ನಿಜವಾದ ಇ-ಮೇಲ್ ವಿಳಾಸ ಮಾರಾಟಗಾರನಿಗೆ ಸಿಗುವುದಿಲ್ಲ, ಅದರ ಬದಲಿಗೆ ಒಂದು ಮರೆಯ ವಿಳಾಸ ಕೊಡುತ್ತಾರೆ. ಮನೆಯ ವಿಳಾಸ ಸಿಕ್ಕಿದರೂ ಅದು ಮಾಲು ಕಳಿಸಲಿಕ್ಕೆ ಮಾತ್ರ, ಪ್ರಚಾರಕ್ಕೆ ಬಳಸುವಂತಿಲ್ಲ. ಆರ್ಡರ್ ಲೆಕ್ಕ ಇಡುವ ಹೊರಗಿನ ಸಾಫ್ಟ್‌ವೇರಿನವರು ಮಾಲು ತಲುಪಿದ 30 ದಿನಕ್ಕಿಂತ ಹೆಚ್ಚು ಗಿರಾಕಿಯ ಹೆಸರು ವಿಳಾಸ ಇಟ್ಟುಕೊಳ್ಳಬಾರದು; ತೆರಿಗೆ ಕಾನೂನಿಗೆ ಬೇಕಾದದ್ದು ಬೇರೆ ಮಾತು. ಗಿರಾಕಿಗೆ ಇದು ಒಳ್ಳೇದೇ. ಎಣ್ಣೆ ತರಿಸಿದ ತಪ್ಪಿಗೆ ದಿನಾ ಹತ್ತು ಮೆಸೇಜು ಯಾರಿಗೆ ಬೇಕು?

ಆದರೆ ನಮ್ಮಿಂದ ಮುಚ್ಚಿಟ್ಟದ್ದು ಮಾರುಕಟ್ಟೆಯ ಯಜಮಾನನಿಗೆ ತೆರೆದೇ ಇರುತ್ತೆ. ಆ ಯಜಮಾನ ತಾನೂ ಅದೇ ಮಾಲು ಮಾರುವವನಾದರೆ? ಯುರೋಪಿನಲ್ಲಿ ಈ ಪ್ರಶ್ನೆ ಎದ್ದಿತ್ತು. ಅಲ್ಲಿನ ಯುರೋಪಿಯನ್ ಕಮಿಷನ್ 2019ರ ಜುಲೈನಲ್ಲಿ ಅಮೆಜಾನ್ ಮೇಲೆ ತನಿಖೆ ಶುರು ಮಾಡಿತು. ಸಣ್ಣ ಮಾರಾಟಗಾರರ ಆರ್ಡರು, ವರಮಾನ, ಎಷ್ಟು ಜನ ಬಂದು ನೋಡಿ ಹೋದರು ಅನ್ನುವ ಲೆಕ್ಕ, ಎಲ್ಲವೂ ಅಮೆಜಾನಿನ ಸ್ವಂತ ವ್ಯಾಪಾರದ ಯಂತ್ರಗಳಿಗೆ ಹರಿದು ಹೋಗುತ್ತೆ, ಯಾವ ಮಾಲನ್ನು ತಾವೇ ಮಾರಬೇಕು ಅಂತ ನಿರ್ಧರಿಸಲು ಅದು ನೆರವಾಗುತ್ತೆ ಅನ್ನುವುದು 2020ರ ನವೆಂಬರಿನಲ್ಲಿ ಕಮಿಷನ್ ಹೇಳಿದ ಪ್ರಾಥಮಿಕ ಅಭಿಪ್ರಾಯ. ಕಂಪನಿ ಇದನ್ನು ಒಪ್ಪಲಿಲ್ಲ. ಆದರೂ 2022ರ ಡಿಸೆಂಬರಿನಲ್ಲಿ, ಮಾರಾಟಗಾರರ ಬಹಿರಂಗವಲ್ಲದ ಮಾಹಿತಿಯನ್ನು ತನ್ನ ಸ್ವಂತ ವ್ಯಾಪಾರಕ್ಕೆ ಬಳಸುವುದಿಲ್ಲ ಅಂತ ಐದು ವರ್ಷಕ್ಕೆ ಬರೆದುಕೊಟ್ಟಿತು. ದಂಡ ಬೀಳಲಿಲ್ಲ. ಯುರೋಪಿನಲ್ಲಿ ಡಿಜಿಟಲ್ ಮಾರುಕಟ್ಟೆಗಳ ಕಾಯ್ದೆಯೂ ಬಂತು. ದೊಡ್ಡ ಕಂಪನಿಗಳು 2024ರ ಮಾರ್ಚಿನಿಂದ ಅದರಂತೆ ನಡೆಯಬೇಕಾಯ್ತು. ಅದರಲ್ಲಿ ನನಗೆ ಬಹಳ ಹಿಡಿಸಿದ ಮಾತು ಒಂದಿದೆ. ಮಾರಾಟಗಾರನ ವ್ಯಾಪಾರದಿಂದ ಹುಟ್ಟಿದ ಮಾಹಿತಿಯನ್ನು ಅವನು ಕೇಳಿದರೆ ಪುಕ್ಕಟೆಯಾಗಿ ಕೊಡಬೇಕು. ಗಿರಾಕಿಯ ಸ್ವಂತ ವಿವರವನ್ನಾದರೆ ಗಿರಾಕಿ ಒಪ್ಪಿದ ಮೇಲೆ ಕೊಡಬೇಕು. ಅಂದರೆ ಬೀಗದ ಕೈ ಇರುವುದು ಗಿರಾಕಿಯ ಹತ್ತಿರ.

ನಮ್ಮ ದೇಶದಲ್ಲೂ ಅಮೆಜಾನ್ ತನ್ನೊಳಗಿನ ಮಾಹಿತಿ ನೋಡಿ ಬೇರೆಯವರ ಮಾಲನ್ನು ನಕಲು ಮಾಡಿಸಿತು ಅಂತ ರಾಯಿಟರ್ಸ್ ಸುದ್ದಿಸಂಸ್ಥೆ 2021ರ ಅಕ್ಟೋಬರಿನಲ್ಲಿ ಬರೆದಿತ್ತು. ಕಂಪನಿ ಅದನ್ನು ಅಲ್ಲಗಳೆಯಿತು.

ಸ್ವಂತ ಅಂಗಡಿ ಇಟ್ಟ ಮೇಲೆ

ಪಾರ್ಸೆಲ್ಲಿನೊಳಗೆ ನಮ್ಮ ಫೋನ್ ನಂಬರಿನ ಚೀಟಿ ಹಾಕೋಣ ಅನ್ನುವ ಉಪಾಯ ಹೊಳೆದಿತ್ತು. ಅಣ್ಣನ ಮಗ ನಿಯಮ ಓದಿ ತಡೆದ. ಗಿರಾಕಿಯನ್ನು ಹೊರಗೆ ಎಳೆಯುವ ಚೀಟಿ ಹಾಕಿದರೆ ಖಾತೆಯೇ ಮುಚ್ಚಿ ಹೋದೀತು. ಸರಿ, ಬಾಡಿಗೆ ಸಾಫ್ಟ್‌ವೇರಿನಲ್ಲಿ ಸ್ವಂತ ಅಂಗಡಿ ತೆರೆದೆವು. ಸಿರಿಧಾನ್ಯ ಮೇಳಗಳಲ್ಲಿ ಒಂದು ದಪ್ಪ ನೋಟ್‌ಬುಕ್ ಇಟ್ಟು, ಬೆಳೆ ಸುದ್ದಿ ಬೇಕಾದವರು ನಂಬರು ಬರೆಯಿರಿ ಅಂದೆವು. ನಿಧಾನಕ್ಕೆ 212 ಹೆಸರು ಕೂಡಿದವು.

ಸ್ವಂತ ಅಂಗಡಿಯಲ್ಲಿ ಗಿರಾಕಿಯ ಪಟ್ಟಿ ನಮ್ಮ ಕೈಲಿರುತ್ತೆ, ನಿಜ. ಆದರೆ ಬಿಲ್ಲು ಮಾಡಲು ಒಂದು ಆ್ಯಪ್, ಮೆಸೇಜು ಕಳಿಸಲು ಇನ್ನೊಂದು ಅಂತ ಜೋಡಿಸುತ್ತ ಹೋಗ್ತೇವೆ. ಪ್ರತಿಯೊಂದೂ ಪಟ್ಟಿಗೆ ಕೈ ಹಾಕುತ್ತೆ. ಈ ರೀತಿಯ ಅಂಗಡಿ ಸಾಫ್ಟ್‌ವೇರಿನಲ್ಲಿ ಹೆಸರಾದದ್ದು ಕೆನಡಾದ ಶಾಪಿಫೈ. ಅಲ್ಲಿ ಆ್ಯಪ್ ಮಾಡಿದವರು ಗಿರಾಕಿಯ ಹೆಸರು, ವಿಳಾಸ, ಫೋನು, ಇ-ಮೇಲ್ ಬೇಕೆಂದರೆ ಪ್ರತ್ಯೇಕವಾಗಿ ಕೇಳಿ ಪಡೆಯಬೇಕು, ಯಾಕೆ ಬೇಕು ಅಂತ ಕಾರಣ ಹೇಳಬೇಕು. ಅಂಗಡಿಯಾತ ಆ್ಯಪ್ ಕಿತ್ತು ಹಾಕಿದರೆ 48 ಗಂಟೆಯ ನಂತರ ಆ ಅಂಗಡಿಯ ಮಾಹಿತಿ ಅಳಿಸಿ ಎಂಬ ಸೂಚನೆ ಆ್ಯಪಿನವರಿಗೆ ಹೋಗುತ್ತೆ. ನೀವು ಯಾವ ಸಾಫ್ಟ್‌ವೇರ್ ಹಿಡಿದರೂ ಇಂಥ ನಿಯಮ ಇದೆಯೋ ಇಲ್ಲವೋ ಕೇಳಿ. ಇನ್ನೊಂದು, ಅಂಗಡಿ ಬಿಡುವ ದಿನ ಪಟ್ಟಿಯನ್ನು ಇಳಿಸಿಕೊಂಡು ಹೋಗಲು ಬರುತ್ತಾ ಅಂತಲೂ ಮೊದಲೇ ನೋಡಿಕೊಳ್ಳಿ.

ಈಗ ಗಿರಾಕಿಯ ಬದಲು ಎಐ ಯಂತ್ರವೇ ಕೊಳ್ಳಲು ಬರುವ ಕಾಲ. 2025ರ ಜುಲೈನಲ್ಲಿ ಶಾಪಿಫೈ ತನ್ನ ಅಂಗಡಿಗಳ ಬಾಗಿಲಲ್ಲಿ ಯಂತ್ರಗಳು ಓದುವ ಕಡತದೊಳಗೆ ಒಂದು ಸೂಚನೆ ಸೇರಿಸಿತು. ಕೊನೆಗೆ ಒಬ್ಬ ಮನುಷ್ಯ ನೋಡಿ ಒಪ್ಪದೆ ಯಂತ್ರವೇ ದುಡ್ಡು ಕಟ್ಟಿ ಮುಗಿಸುವಂತಿಲ್ಲ ಅಂತ. ಅದೇ ವರ್ಷ ನವೆಂಬರಿನಲ್ಲಿ ಅಮೆಜಾನ್, ಪರ್ಪ್ಲೆಕ್ಸಿಟಿ ಎಂಬ ಎಐ ಕಂಪನಿಯ ಕೊಳ್ಳುವ ಯಂತ್ರದ ವಿಷಯವಾಗಿ ಅಮೆರಿಕದ ಕೋರ್ಟಿಗೆ ಹೋಯಿತು. ಈ ಜಗಳ ನಮಗೆ ದೂರದ್ದು ಅನ್ನಿಸಬಹುದು. ಆದರೆ ಗಿರಾಕಿ ಎಐಗೆ ಹೇಳಿ ನವಣೆ ತರಿಸಿಕೊಂಡರೆ, ಅವರ ರುಚಿ ಗೊತ್ತಾಗುವುದು ಎಐ ಕಂಪನಿಗೆ. ನಮಗೆ ಮತ್ತೆ ಪಟ್ಟಿಯೊಂದೇ.

ನಮ್ಮಿಂದಲೇ ಆದ ತಪ್ಪು

ಇಷ್ಟೆಲ್ಲ ದೊಡ್ಡವರ ನಿಯಮ ಹೇಳಿದೆ. ತಪ್ಪು ಮಾಡಿದ್ದು ನಾವು.

ಯಾರು ಎಷ್ಟು ದಿನಕ್ಕೊಮ್ಮೆ ತರಿಸುತ್ತಾರೆ, ಮುಂದಿನ ತಿಂಗಳು ಎಷ್ಟು ನವಣೆ ಮಿಲ್ಲಿಗೆ ಹಾಕಬೇಕು ಅಂತ ಲೆಕ್ಕ ತೆಗೆಯಬೇಕಿತ್ತು. ಅಣ್ಣನ ಮಗ ಪುಕ್ಕಟೆ ಎಐ ಒಂದಕ್ಕೆ ಆ 212 ಜನರ ಪಟ್ಟಿಯನ್ನು ಹೆಸರು, ನಂಬರು ಸಮೇತ ಹಾಕಿಬಿಟ್ಟ. ಲೆಕ್ಕ ಚೆನ್ನಾಗಿಯೇ ಬಂತು, ನಾನೂ ಖುಷಿಪಟ್ಟೆ. ಆಮೇಲೆ ನಿಯಮ ಓದಿಸಿದೆ. ಪುಕ್ಕಟೆ ಖಾತೆಯಲ್ಲಿ ನಾವು ಹಾಕಿದ್ದನ್ನು ಯಂತ್ರದ ಕಲಿಕೆಗೆ ಬಳಸಬಹುದಿತ್ತು. ಬೇಡವೆಂದರೆ ಸೆಟ್ಟಿಂಗಿನಲ್ಲಿ ನಾವೇ ಆರಿಸಬೇಕಿತ್ತು. ಚಾಟ್‌ಜಿಪಿಟಿಯ ಓಪನ್‌ಎಐ ಕಂಪನಿ ಕೂಡ, ಕಾಸು ಕೊಟ್ಟು ಎಪಿಐ ದಾರಿಯಲ್ಲಿ ಕಳಿಸಿದ ಮಾಹಿತಿಯನ್ನು ನಾವಾಗಿ ಒಪ್ಪದೆ ಕಲಿಕೆಗೆ ಬಳಸುವುದಿಲ್ಲ ಅಂತ 2023ರ ಮಾರ್ಚ್ 1ರಿಂದ ನಿಯಮ ಮಾಡಿದೆ. ಜನಸಾಮಾನ್ಯರ ಖಾತೆಗೆ ನಿಯಮ ಬೇರೆ.

ಪಟ್ಟಿ ಅಳಿಸಿದೆವು, ಸೆಟ್ಟಿಂಗ್ ಆರಿಸಿದೆವು. ಈಗ ಲೆಕ್ಕಕ್ಕೆ ಹಾಕುವ ಹಾಳೆಯಲ್ಲಿ ಗಿರಾಕಿಗೆ 1, 2, 3 ಅಂತ ಅಂಕಿ, ಪಿನ್‌ಕೋಡಿನ ಮೊದಲ ಮೂರು ಅಂಕಿ, ತಾರೀಖು, ಕೆ.ಜಿ. ಇಷ್ಟೇ. ಬರುವ ಲೆಕ್ಕದಲ್ಲಿ ಏನೂ ಕೊರತೆಯಿಲ್ಲ. ಯಾವ ಅಂಕಿ ಯಾರದ್ದು ಅನ್ನುವುದು ಆ ದಪ್ಪ ನೋಟ್‌ಬುಕ್ಕಿನಲ್ಲಿದೆ, ನೋಟ್‌ಬುಕ್ಕು ನಮ್ಮ ಮನೆಯ ಟ್ರಂಕಿನಲ್ಲಿದೆ.

ಕಾನೂನೂ ಬಂದಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು, ನಿಯಮಾವಳಿ 2025ರ ನವೆಂಬರಿನಲ್ಲಿ ಹೊರಬಂತು. ಮುಖ್ಯ ಕಟ್ಟುಪಾಡುಗಳಿಗೆ ಅಲ್ಲಿಂದ ಹದಿನೆಂಟು ತಿಂಗಳ ಗಡುವು. ಯಾಕೆ ಬೇಕೆಂದು ಹೇಳಿ ಒಪ್ಪಿಗೆ ಪಡೆಯಬೇಕು, ಒಪ್ಪಿಗೆ ವಾಪಸು ಪಡೆದರೆ ಅಳಿಸಬೇಕು. ಮಾಹಿತಿ ಸೋರದಂತೆ ಕಾಯದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು. ಅಷ್ಟು ನಮ್ಮ ಹೋಬಳಿಯನ್ನೇ ಮಾರಿದರೂ ಹುಟ್ಟಲಿಕ್ಕಿಲ್ಲ.

ಪಟ್ಟಿಯಲ್ಲಿದ್ದವರಿಗೆಲ್ಲ ಮೆಸೇಜು ಕಳಿಸಿ ಆದದ್ದನ್ನು ತಿಳಿಸಿದೆವು. ಹೇಳೋದು ಬೇಡ, ಯಾರಿಗೂ ಗೊತ್ತಾಗಲ್ಲ ಅಂತ ನಮ್ಮಲ್ಲೇ ಇಬ್ಬರು ಅಂದಿದ್ದರು. ಹೆಚ್ಚಿನವರು ಪರವಾಗಿಲ್ಲ ಅಂದರು. ಬೆಂಗಳೂರಿನ ಒಬ್ಬ ನಿವೃತ್ತ ಟೀಚರು, ಮೊದಲ ಮೇಳದಿಂದ ನಮ್ಮ ಎಣ್ಣೆಯನ್ನೇ ಬಳಸುವವರು, ಫೋನೇ ಮಾಡಿದರು. "ಯಾರಿಗೂ ಕೊಡಬೇಡಿ ಅಂತ ಹೇಳೇ ಬರೆದಿದ್ದೆ ಅಲ್ವಾ ಯಜಮಾನ್ರೇ. ನನ್ನ ಹೆಸರು ತೆಗೆದುಬಿಡಿ" ಅಂದರು. ತಪ್ಪಾಯ್ತಮ್ಮ ಅಂತ ಹೇಳಿ ಅವರ ಸಾಲನ್ನು ನೋಟ್‌ಬುಕ್ಕಿನಿಂದಲೂ ಹೊಡೆದು ಹಾಕಿದೆ. ಮತ್ತೆ ಎಣ್ಣೆ ಬೇಕಾದರೆ ಅವರೇ ಫೋನ್ ಮಾಡಬೇಕು. ಇನ್ನೂ ಮಾಡಿಲ್ಲ.